ಅಪರಾಧ ನ್ಯಾಯದ ಪದವಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಕಲಾ ಕಾಲೇಜಿನಲ್ಲಿ ಅಪರಾಧ ನ್ಯಾಯದ ಪದವಿಯನ್ನು ಹೇಗೆ ಕಟ್ಟುವುದು, ಅದನ್ನು ಓದಿದವರಿಗೆ ಮುಂದೇನು? ಅಪರಾಧಶಾಸ್ತ್ರ, ಕಾನೂನು, ಮನಃಶಾಸ್ತ್ರ ಕಲಿಸುವವರು ಕೂಡಿ ಉತ್ತರ ಬರೆದಿದ್ದಾರೆ. ಪತ್ರ ಬರೆದವರ ಮತ್ತು ಅವರ ಕಾಲೇಜುಗಳ ಹೆಸರನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಆಡಳಿತ ಮಂಡಳಿ ಕ್ರಿಮಿನಲ್ ಜಸ್ಟಿಸ್ ಪದವಿ ತೆರೆಯಬೇಕೆಂದಿದೆ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮನಃಶಾಸ್ತ್ರ ವಿಭಾಗಗಳು ನಮ್ಮಲ್ಲೇ ಇವೆ. ಅದೇ ಸಂಸ್ಥೆಯ ಕಾನೂನು ಕಾಲೇಜು ಪಕ್ಕದಲ್ಲಿದೆ. ಒಂದೊಂದು ವಿಭಾಗದಿಂದ ನಾಲ್ಕು ಪತ್ರಿಕೆ ತೆಗೆದು ಜೋಡಿಸಿದರೆ ಹಲವು ಶಾಸ್ತ್ರಗಳು ಬೆರೆತ, ಅಂದರೆ ಅಂತರಶಿಸ್ತೀಯ ಪದವಿ ಆಗುವುದಿಲ್ಲವೇ? ಎಲ್ಲಿಂದ ಶುರು ಮಾಡಬೇಕು?
– ಒಬ್ಬ ಪ್ರಾಚಾರ್ಯರು, ಗೋಕಾಕ ತಾಲೂಕು

ಉತ್ತರ: ಆಗುವುದಿಲ್ಲ. ಸಮಾಜಶಾಸ್ತ್ರದ ತಾಸಿನಲ್ಲಿ ಬಡತನ ಮತ್ತು ಅಪರಾಧ ಓದುತ್ತಾರೆ, ಕಾನೂನಿನ ತಾಸಿನಲ್ಲಿ ಕಳವಿನ ಕಲಂ ಬಾಯಿಪಾಠ ಮಾಡುತ್ತಾರೆ. ಎರಡೂ ಒಂದೇ ಪ್ರಕರಣದೊಳಗೆ ಎಲ್ಲಿ ಕೂಡುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಅಳತೆಗೋಲು ಒಂದೇ. ಬೇರೆ ವಿಭಾಗದ ಇಬ್ಬರು ಅಧ್ಯಾಪಕರು ಕೂಡಿ ಕೂತು ಒಂದು ಪ್ರಶ್ನೆ ತೆಗೆದು, ಅದರ ಉತ್ತರವನ್ನು ಇಬ್ಬರೂ ಓದಿ ಅಂಕ ಕೊಡುವ ಪ್ರಸಂಗ ನಿಮ್ಮ ಪಠ್ಯಕ್ರಮದಲ್ಲಿ ಎಷ್ಟು ಸಲ ಬರುತ್ತದೆ? ಒಮ್ಮೆಯೂ ಬರದಿದ್ದರೆ ಪದವಿಯ ಹೆಸರು ಏನೇ ಇರಲಿ, ಅದು ಅಂತರಶಿಸ್ತೀಯ ಅಲ್ಲ.

ಮೊದಲು ಹೆಸರಿನ ಕೆಲಸ ಮುಗಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆ, 1956ರ 22ನೇ ಕಲಮಿನಂತೆ ಯುಜಿಸಿ ನಿರ್ದಿಷ್ಟಪಡಿಸಿದ ಪದವಿಗಳನ್ನು ಮಾತ್ರ ಕೊಡಬಹುದು. ‘ಬ್ಯಾಚುಲರ್ ಆಫ್ ಕ್ರಿಮಿನಲ್ ಜಸ್ಟಿಸ್’ ಎಂದು ಆಕರ್ಷಕ ಹೆಸರಿಟ್ಟು ಜಾಹೀರಾತು ಕೊಟ್ಟರೆ ನಾಳೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ವಿದ್ಯಾರ್ಥಿಗಳು. ಪದವಿ ಬಿ.ಎ. ಆಗಿರಲಿ, ವಿಷಯ ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯ ಎಂದಿರಲಿ. ನಿಮ್ಮದು ಸಂಯೋಜಿತ ಕಾಲೇಜಾದರೆ ಪಠ್ಯಕ್ರಮ ನಿಮ್ಮ ಕೈಯಲ್ಲಿಲ್ಲ. ಅದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು ದಾಟಬೇಕು. ಹೊಸ ವಿಷಯದ ಸಂಯೋಜನೆಗೆ ಬೇರೆ ಅರ್ಜಿ ಹಾಕಬೇಕು, ಸ್ಥಳೀಯ ವಿಚಾರಣಾ ಸಮಿತಿ ಬಂದು ಕೊಠಡಿ, ಗ್ರಂಥಾಲಯ, ಅಧ್ಯಾಪಕರನ್ನು ನೋಡಬೇಕು. ಸ್ವಾಯತ್ತ ಕಾಲೇಜಾದರೆ ಅಧ್ಯಯನ ಮಂಡಳಿ ನಿಮ್ಮದೇ. ಎರಡರಲ್ಲೂ ಪ್ರವೇಶ ಜಾಹೀರಾತು ಕೊನೆಯ ಹೆಜ್ಜೆ. ಬಹಳ ಕಡೆ ಅದನ್ನೇ ಮೊದಲು ಇಡುತ್ತಾರೆ.

ಇನ್ನು ಕ್ರೆಡಿಟ್. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ 3 ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಪ್ರಧಾನ ವಿಷಯಕ್ಕೆ 60, ಉಪವಿಷಯಕ್ಕೆ 24, ಬಹುಶಿಸ್ತೀಯ ಪತ್ರಿಕೆಗಳಿಗೆ 9, ಭಾಷೆಗಳಿಗೆ 8, ಕೌಶಲಕ್ಕೆ 9. ಉಳಿದದ್ದು ಮೌಲ್ಯವರ್ಧಿತ ಪತ್ರಿಕೆ ಮತ್ತು ಇಂಟರ್ನ್‌ಶಿಪ್‌ಗೆ. ಒಂದು ಕ್ರೆಡಿಟ್ ಎಂದರೆ ಪಾಠಕ್ಕೆ 15 ತಾಸು, ಪ್ರಾಯೋಗಿಕ ಮತ್ತು ಕ್ಷೇತ್ರಕಾರ್ಯಕ್ಕೆ 30 ತಾಸು. ನಮ್ಮ ರಾಜ್ಯ 2021-22ರಲ್ಲಿ 4 ವರ್ಷದ ಪದವಿ ತಂದು 2024-25ರಿಂದ 3 ವರ್ಷಕ್ಕೆ ಮರಳಿತು, ಬಿ.ಎ.ಯಲ್ಲಿ ಮೂರು ವಿಷಯಗಳ ಜೋಡಣೆಯೂ ಮರಳಿತು. ಸಂಯೋಜಿತ ಕಾಲೇಜಿಗೆ ಇದರಿಂದ ಒಂದು ಒಳ್ಳೆಯ ದಾರಿಯೇ ಸಿಕ್ಕಿದೆ: ಅಪರಾಧಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಎಂಬ ಜೋಡಣೆ ಇಟ್ಟು, ಮೂರೂ ವಿಭಾಗಗಳು ಒಂದೇ ಕಡತದ ಮೇಲೆ ಕೆಲಸ ಮಾಡುವಂತೆ ಆಂತರಿಕ ಮೌಲ್ಯಮಾಪನವನ್ನು ರೂಪಿಸಿ. ಇದಕ್ಕೆ ಅಧ್ಯಾಪಕರ ಒಪ್ಪಿಗೆ ಸಾಕು.

ಕಡತ ಎಂದೆವಲ್ಲ, ಈ ಪದವಿಯ ಬೆನ್ನೆಲುಬು ಅದೇ. ಒಂದು ಕಾಲ್ಪನಿಕ ಪ್ರಕರಣ ಕಟ್ಟಿ. ನಮ್ಮ ಭಾಗಕ್ಕೆ ಹೊಲದ ಬದುವಿನ ಜಗಳ ಹೊಂದುತ್ತದೆ: ಅಣ್ಣತಮ್ಮಂದಿರ ನಡುವೆ ಬಡಿದಾಟ, ಒಬ್ಬನ ಸಾವು. ಕಡತದಲ್ಲಿ ಎಫ್‌ಐಆರ್, ಸ್ಥಳ ಪಂಚನಾಮೆ, ಕೈನಕ್ಷೆ, ಶವಪರೀಕ್ಷೆ ವರದಿ, ಆರು ಸಾಕ್ಷಿಗಳ ಹೇಳಿಕೆ, ಮುದ್ದೆಮಾಲಿನ (ಜಪ್ತಿಯಾದ ವಸ್ತುಗಳ) ಪಟ್ಟಿ, ವಿಧಿವಿಜ್ಞಾನ (ಫೋರೆನ್ಸಿಕ್) ಪ್ರಯೋಗಾಲಯದ ವರದಿ, ಹೊಲದ ಉತಾರ, ರಿಮಾಂಡ್ ಅರ್ಜಿ, ದೋಷಾರೋಪಣ ಪಟ್ಟಿ ಇರಲಿ. ಹೆಸರು, ಊರು, ಸರ್ವೆ ನಂಬರು ಎಲ್ಲ ಕಲ್ಪಿತ. ಒಟ್ಟು 60 ಪುಟ ಮೀರದಿರಲಿ, ಮೀರಿದರೆ ಯಾರೂ ಪೂರ್ತಿ ಓದುವುದಿಲ್ಲ. ಬೇಕೆಂದೇ ಮೂರು ನಾಲ್ಕು ದೋಷ ಇಡಿ: ಪಂಚನಾಮೆಯ ಸಮಯ ಎಫ್‌ಐಆರ್‌ಗಿಂತ ಮುಂಚಿನದು, ಸೀಲು ಹಾಕಿದ ಪೊಟ್ಟಣದ ಸಂಖ್ಯೆ ಪ್ರಯೋಗಾಲಯದ ವರದಿಯಲ್ಲಿ ಬೇರೆ, ಒಬ್ಬ ಸಾಕ್ಷಿ ಕತ್ತಲಲ್ಲಿ ಕಾಣಲಾಗದ ದೂರದಿಂದ ಮುಖ ಗುರುತಿಸಿದ್ದಾನೆ.

ಈಗ ಒಂದೊಂದು ವಿಭಾಗಕ್ಕೂ ಕೆಲಸವಿದೆ. ಇದು ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ ಎಂದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 100, 101ನೇ ಕಲಂ ಇಟ್ಟುಕೊಂಡು ಕಾನೂನಿನವರು ಕೇಳುತ್ತಾರೆ. ಸಾಕ್ಷಿಯ ನೆನಪು ಮನಃಶಾಸ್ತ್ರದ ಪಾಲು. ಆಸ್ತಿ ಪಾಲಾಗುವ ರೀತಿ, ಮನೆತನದ ಮಾತು, ಊರ ಪಂಚಾಯ್ತಿಯಲ್ಲಿ ಮೊದಲೇ ನಡೆದು ಮುರಿದ ರಾಜಿ – ಇವು ಸಮಾಜಶಾಸ್ತ್ರದ್ದು. ಬಂಧನದ ಕ್ರಮ ಸಂವಿಧಾನದ 20, 21, 22ನೇ ವಿಧಿಗಳಿಗೆ ಹೊಂದಿತೇ ಎಂಬುದು ರಾಜ್ಯಶಾಸ್ತ್ರಕ್ಕೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ದಾಖಲೆ ಆಗಬೇಕೆಂದು 105 ಹೇಳುತ್ತದೆ. ಕಡತದಲ್ಲಿ ಇವೆರಡೂ ನಡೆದಿವೆಯೇ? ಮೊದಲ ಸೆಮಿಸ್ಟರಿನಲ್ಲಿ ಕೈಗೆ ಕೊಟ್ಟ ಈ ಕಡತವನ್ನು ಆರನೆಯ ಸೆಮಿಸ್ಟರಿನವರೆಗೂ ಮುಚ್ಚಬೇಡಿ.

ಪ್ರಧಾನ ವಿಷಯಕ್ಕೆ 60 ಕ್ರೆಡಿಟ್ ಸಿಗುವ ಕಡೆ 4 ಕ್ರೆಡಿಟ್‌ನ 15 ಪತ್ರಿಕೆ ಬರುತ್ತವೆ: ಮೊದಲ ಮೂರು ಸೆಮಿಸ್ಟರಿಗೆ ಎರಡೆರಡು, ಆಮೇಲೆ ಮೂರು ಮೂರು. ಹೆಚ್ಚಿನವರು ಎಡವುವುದು ಅನುಕ್ರಮದಲ್ಲಿ. ಮೊದಲ ಸೆಮಿಸ್ಟರಿನಲ್ಲೇ ದಂಡ ಸಂಹಿತೆ ಇಟ್ಟರೆ ಮಕ್ಕಳು ಕಲಂ ಸಂಖ್ಯೆ ಉರುಹೊಡೆದು, ಅಪರಾಧ ಎಂದರೆ ಪುಸ್ತಕದಲ್ಲಿ ಬರೆದದ್ದು ಮಾತ್ರ ಎಂದು ತಿಳಿದುಬಿಡುತ್ತಾರೆ. ಅಲ್ಲಿ ಅಪರಾಧಶಾಸ್ತ್ರದ ಪ್ರವೇಶ, ಸಂವಿಧಾನ ಮತ್ತು ನ್ಯಾಯ ವ್ಯವಸ್ಥೆ ಸಾಕು. ಸಾಕ್ಷ್ಯ ಕಾಯ್ದೆ ಮತ್ತು ವಿಧಿವಿಜ್ಞಾನವನ್ನು ಒಂದೇ ಸೆಮಿಸ್ಟರಿನಲ್ಲಿ, ಸಾಧ್ಯವಾದರೆ ಒಂದೇ ಪತ್ರಿಕೆಯಲ್ಲಿ ಕಲಿಸಿ. ರಕ್ತದ ಕಲೆಯ ಪರೀಕ್ಷೆ ಗೊತ್ತಿದ್ದು, ಆ ಪೊಟ್ಟಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯ ಬೆಲೆ ಗೊತ್ತಿಲ್ಲದವನಿಗೆ ಅರ್ಧ ಮಾತ್ರ ಗೊತ್ತು. ಸಂಖ್ಯಾಶಾಸ್ತ್ರ ಮೂರನೆಯ ಸೆಮಿಸ್ಟರಿನಲ್ಲಿ, ಕ್ಷೇತ್ರಕಾರ್ಯ ಐದರಲ್ಲಿ, ಅದಲುಬದಲು ಮಾಡಬೇಡಿ. ಸಂತ್ರಸ್ತರು, ಕಾರಾಗೃಹ, ಬಾಲನ್ಯಾಯ – ಈ ಮೂರನ್ನು ಐಚ್ಛಿಕ ಪಟ್ಟಿಗೆ ತಳ್ಳುವ ಚಾಳಿ ಇದೆ. ತಳ್ಳಿದರೆ ಉಳಿಯುವುದು ಪೊಲೀಸ್ ತರಬೇತಿಯ ಸಣ್ಣ ಪ್ರತಿ.

ಈ ಅಪಾಯ ಹೊಸದಲ್ಲ. ಅಮೆರಿಕದಲ್ಲಿ 1968ರ ನಂತರ ಕೇಂದ್ರ ಸರ್ಕಾರದ ಹಣ ಹರಿದು ಅಪರಾಧ ನ್ಯಾಯದ ಕೋರ್ಸುಗಳು ಸಾಲುಸಾಲಾಗಿ ಎದ್ದವು. 1978ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶೆರ್ಮನ್ ಮತ್ತು ಪೊಲೀಸ್ ಶಿಕ್ಷಣದ ರಾಷ್ಟ್ರೀಯ ಆಯೋಗ ಅವುಗಳನ್ನು ಪರಿಶೀಲಿಸಿ, ಬಹಳಷ್ಟು ಕಡೆ ಪದವಿ ಶಿಕ್ಷಣದ ಹೆಸರಿನಲ್ಲಿ ಸಂಕುಚಿತ ವೃತ್ತಿ ತರಬೇತಿ ನಡೆದಿದೆ ಎಂದು ಕಟುವಾಗಿ ಬರೆಯಿತು. ನಮ್ಮ ಸಲಹೆ: ಕಾನೂನಿನ ಪತ್ರಿಕೆಗಳು ಒಟ್ಟಿನ ಮೂರನೇ ಒಂದು ಭಾಗ ಮೀರದಿರಲಿ. ವಕೀಲಿಕೆ ಮಾಡುವವರು ಮುಂದೆ ಎಲ್‌ಎಲ್.ಬಿ. ಓದಲೇಬೇಕು, ಅದನ್ನೇ ಇಲ್ಲಿ ಅರೆಬರೆ ಕಲಿಸಿ ಲಾಭವಿಲ್ಲ.

ಒಂದು ಪತ್ರಿಕೆಯಾದರೂ ನಮ್ಮ ನೆಲದ್ದಾಗಿರಲಿ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಬಾಲ್ಯವಿವಾಹ ನಿಷೇಧ ಕಾಯ್ದೆ ಮತ್ತು ಅದಕ್ಕೆ ರಾಜ್ಯದ ತಿದ್ದುಪಡಿ, ಪರಿಶಿಷ್ಟ ಜಾತಿ-ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, ಕಬ್ಬು ಕಡಿಯಲು ಗಡಿ ದಾಟಿ ಬರುವ ಹೋಗುವ ಕುಟುಂಬಗಳು ಇದರಲ್ಲಿ ಬರಲಿ. ಘಟನೆ ಸಾಂಗಲಿಯಲ್ಲಿ ನಡೆದು, ದೂರು ಕೊಡಲು ಬಂದವರು ಅಥಣಿಯಲ್ಲಿದ್ದರೆ ಠಾಣೆ ಏನು ಮಾಡಬೇಕು? ಠಾಣೆಯ ವ್ಯಾಪ್ತಿ ನೋಡದೆ ದೂರು ದಾಖಲಿಸಬೇಕೆಂಬ ಸುರಕ್ಷಾ ಸಂಹಿತೆಯ 173ನೇ ಕಲಂ, ಜನ ಜೀರೋ ಎಫ್‌ಐಆರ್ ಎನ್ನುವುದು, ಇಲ್ಲಿ ಪುಸ್ತಕದ ವಿಷಯವಲ್ಲ, ದಿನದ ಪ್ರಶ್ನೆ.

ಪ್ರಶ್ನೆ: ನಾನು ಮನಃಶಾಸ್ತ್ರ ಕಲಿಸುತ್ತೇನೆ. ಕಾನೂನು ಕಾಲೇಜಿನ ಸಹೋದ್ಯೋಗಿಯ ಜೊತೆ ಒಂದು ಪತ್ರಿಕೆ ಹಂಚಿಕೊಂಡು ಕಲಿಸಲು ಹೇಳಿದ್ದಾರೆ. ಮೊದಲ ಅರ್ಧ ನನ್ನದು, ಉಳಿದರ್ಧ ಅವರದು ಎಂದು ಮಾಡಿಕೊಂಡರೆ ಸಾಕೇ? ವರ್ಕ್‌ಲೋಡ್ ಹೇಗೆ ತೋರಿಸುವುದು?
– ಉಪನ್ಯಾಸಕಿ, ವಿಜಯಪುರ

ಉತ್ತರ: ಅರ್ಧ-ಅರ್ಧ ಹಂಚಿಕೊಂಡರೆ ಒಂದು ಪತ್ರಿಕೆಯೊಳಗೆ ಎರಡು ಪತ್ರಿಕೆ ನಡೆಯುತ್ತವೆ. 60 ತಾಸನ್ನು ಹೀಗೆ ಒಡೆಯಿರಿ ಮೇಡಂ: ನಿಮಗೆ 24, ಅವರಿಗೆ 24, ಇಬ್ಬರೂ ಒಟ್ಟಿಗೆ ತರಗತಿಯಲ್ಲಿರುವ 12. ಅಧ್ಯಾಪಕರ ಲೆಕ್ಕದಲ್ಲಿ ಅದು 72 ತಾಸು ಆಗುತ್ತದೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ನೇರ ಬೋಧನೆ. ಜಂಟಿ 12 ತಾಸನ್ನು ಇಬ್ಬರ ಖಾತೆಗೂ ಬರೆಯಬೇಕೆಂದು ಸೆಮಿಸ್ಟರ್ ಶುರುವಾಗುವ ಮೊದಲೇ ಪ್ರಾಚಾರ್ಯರಿಂದ ಲಿಖಿತ ಆದೇಶ ಪಡೆಯಿರಿ. ಜಂಟಿ ಬೋಧನೆ ಸಾಯುವುದು ಸಿದ್ಧಾಂತದ ಭಿನ್ನಾಭಿಪ್ರಾಯದಿಂದಲ್ಲ. ಒಬ್ಬರ ತಾಸು ಲೆಕ್ಕಕ್ಕೆ ಬಂದು ಇನ್ನೊಬ್ಬರದು ಬರದಿದ್ದಾಗ ಎರಡನೆಯವರು ತರಗತಿಗೆ ಬರುವುದು ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು.

ಜಂಟಿ ತಾಸಿನಲ್ಲಿ ಏನು ಮಾಡಬೇಕೆಂಬುದಕ್ಕೆ ಒಂದು ಪ್ರಯೋಗ. ಪಾಠದ ನಡುವೆ ಪರಿಚಯವಿಲ್ಲದ ಒಬ್ಬರು ಒಳಬಂದು, ನಿಮ್ಮೊಡನೆ ಎರಡು ಮಾತಾಡಿ, ಮೇಜಿನ ಮೇಲಿನ ಹಾಜರಿ ಪುಸ್ತಕ ಎತ್ತಿಕೊಂಡು ಹೋಗಲಿ. 40 ಸೆಕೆಂಡು ಸಾಕು. ಅರ್ಧ ತರಗತಿ ತಕ್ಷಣ ಬರೆಯಲಿ, ಉಳಿದವರು ಒಂದು ವಾರದ ನಂತರ. ಅಂಗಿಯ ಬಣ್ಣ, ಎತ್ತರ, ಆಡಿದ ಮಾತು, ಪುಸ್ತಕ ಯಾವ ಕೈಯಲ್ಲಿತ್ತು – ಎರಡೂ ಗುಂಪಿನ ಉತ್ತರಗಳನ್ನು ಪಕ್ಕಪಕ್ಕ ಬರೆಯಿರಿ. ವಾರ ಬಿಟ್ಟು ಬರೆದವರು ಪರಸ್ಪರ ಮಾತಾಡಿರುತ್ತಾರೆ, ಒಬ್ಬರ ತಪ್ಪು ಎಲ್ಲರದಾಗಿರುತ್ತದೆ. ಇಲ್ಲಿ ನಿಮ್ಮ ಸಹೋದ್ಯೋಗಿ ಎದ್ದು ನಿಲ್ಲಲಿ: ಪೊಲೀಸರು ಸುರಕ್ಷಾ ಸಂಹಿತೆಯ 180ನೇ ಕಲಮಿನಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯಬಾರದೆಂದು 181 ಏಕೆ ಹೇಳುತ್ತದೆ, ಮ್ಯಾಜಿಸ್ಟ್ರೇಟರ ಮುಂದಿನ 183ರ ಹೇಳಿಕೆ ಏಕೆ ಬೇರೆ, ಹಲವರ ನಡುವೆ ಆರೋಪಿಯನ್ನು ಸಾಕ್ಷಿ ಗುರುತಿಸುವ ಗುರುತು ಪರೇಡ್ ತಡವಾದರೆ ಏನಾಗುತ್ತದೆ? ಆಯುಧದ ಗೊಂಬೆ, ಕೂಗಾಟ, ತಳ್ಳಾಟ ಬೇಡ. ಇಂಥ ಒಂದು ಪ್ರಯೋಗ ಈ ಅವಧಿಯಲ್ಲಿ ಯಾವಾಗಲಾದರೂ ನಡೆಯುತ್ತದೆ ಎಂದು ಮೊದಲ ದಿನವೇ ಹೇಳಿಡಿ. ಹೇಳಿದ್ದರಿಂದ ಫಲಿತಾಂಶ ಕೆಡುವುದಿಲ್ಲ, ಹಳೆಯ ಆಘಾತ ಹೊತ್ತ ಮಕ್ಕಳಿಗೆ ರಕ್ಷಣೆ ಸಿಗುತ್ತದೆ.

ಇನ್ನೊಂದು ಜಂಟಿ ತಾಸಿಗೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು (2010) ಇಟ್ಟುಕೊಳ್ಳಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳು ನಕ್ಷೆ ಇವನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನು ನೀವು ಹೇಳಬೇಕು, ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ನುಡಿಯಲು ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿ ಏನನ್ನು ತಡೆಯುತ್ತದೆ ಎಂಬುದನ್ನು ಅವರು. ಅಂತಿಮ ಪರೀಕ್ಷೆಯಲ್ಲಿ ಒಂದು 15 ಅಂಕದ ಪ್ರಶ್ನೆಯಾದರೂ ಇಬ್ಬರೂ ತೆಗೆದದ್ದಿರಲಿ. ನಿಮ್ಮ ನಿಮ್ಮ ಅಂಕ 4ಕ್ಕಿಂತ ಹೆಚ್ಚು ಬೇರೆಯಾದರೆ ಕೂತು ಮಾತಾಡಿ ತೀರ್ಮಾನಿಸಿ. ನಿಜವಾದ ಅಂತರಶಿಸ್ತೀಯ ಚರ್ಚೆ ನಡೆಯುವುದು ಆ ಮಾತಿನಲ್ಲಿ.

ಪ್ರಶ್ನೆ: ನಮ್ಮ ಹುಡುಗಿ ಪಿಯುಸಿ ಆರ್ಟ್ಸ್ ಮುಗಿಸ್ಯಾಳ್ರೀ. ಪಿಎಸ್‌ಐ ಆಗತೀನಿ, ಇಲ್ಲಾಂದ್ರ ಫೋರೆನ್ಸಿಕ್ ಲ್ಯಾಬಿನ್ಯಾಗ ಕೆಲಸಾ ಮಾಡತೀನಿ ಅಂತಾಳ. ಕ್ರಿಮಿನಾಲಜಿ ತಗೊಂಡ್ರ ಸೀದಾ ನೌಕರಿ ಸಿಗತೈತಿ ಅಂತ ಯಾರೋ ಹೇಳ್ಯಾರ. ಖರೇ ಏನ್ರೀ?
– ಒಬ್ಬ ರೈತರು, ಜಮಖಂಡಿ

ಉತ್ತರ: ಸೀದಾ ನೌಕರಿ ಎಂಬುದು ಖರೇ ಅಲ್ಲ. ಯಾವ ಕಾಲೇಜಿನವರಾದರೂ ಹಾಗೆ ಹೇಳಿ ಪ್ರವೇಶ ಕೊಟ್ಟರೆ ನಂಬಬೇಡಿ.

ಪಿಎಸ್‌ಐ ಹುದ್ದೆಗೆ ಯಾವುದೇ ಪದವಿ ನಡೆಯುತ್ತದೆ. ದೈಹಿಕ ಪರೀಕ್ಷೆ ಗೆಲ್ಲಬೇಕು, ಆಮೇಲೆ ಲಿಖಿತ ಪರೀಕ್ಷೆ. ಪ್ರಬಂಧ, ಸಾರಾಂಶ, ಭಾಷಾಂತರ ಒಂದು ಪತ್ರಿಕೆಯಲ್ಲಿ, ಸಾಮಾನ್ಯ ಜ್ಞಾನ ಇನ್ನೊಂದರಲ್ಲಿ. ಅಪರಾಧಶಾಸ್ತ್ರ ಓದಿದವಳಿಗೆ ಕೆಲಸಕ್ಕೆ ಸೇರಿದ ಮೇಲೆ ಅದರ ಬೆಲೆ ತಿಳಿಯುತ್ತದೆ, ಆಯ್ಕೆಯಲ್ಲಿ ಅದಕ್ಕೆ ಬೇರೆ ಅಂಕವಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವೈಜ್ಞಾನಿಕ ಹುದ್ದೆಗಳು ವಿಜ್ಞಾನ ಪದವೀಧರರಿಗೆ: ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ, ವಿಧಿವಿಜ್ಞಾನ. ಬೆಳಗಾವಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯ ಇದೆ, ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಆದರೆ ಪಿಯುಸಿ ಆರ್ಟ್ಸ್ ಮುಗಿಸಿದವಳಿಗೆ ಆ ಬಾಗಿಲು ಈಗ ಮುಚ್ಚಿದೆ ಎಂದು ಅವಳಿಗೆ ಇವತ್ತೇ ಹೇಳುವುದು ಒಳ್ಳೆಯದು. ಮೂರು ವರ್ಷ ಕಳೆದ ಮೇಲೆ ತಿಳಿದರೆ ಹೆಚ್ಚು ನೋವು.

ತೆರೆದಿರುವ ಬಾಗಿಲುಗಳೂ ಇವೆ. ಯಾವುದೇ ಪದವಿಯ ನಂತರ 3 ವರ್ಷದ ಎಲ್‌ಎಲ್.ಬಿ. ಮಾಡಿ ವಕೀಲಿಕೆ, ಅಭಿಯೋಜನೆ (ಸರ್ಕಾರದ ಪರ ಮೊಕದ್ದಮೆ ನಡೆಸುವುದು), ನ್ಯಾಯಾಂಗ ಸೇವೆಯ ಕಡೆ ಹೋಗಬಹುದು. ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ಪರಿವೀಕ್ಷಣಾ (ಪ್ರೊಬೇಷನ್) ಕೆಲಸ, ಕಾನೂನು ಸೇವೆ, ಮಹಿಳಾ ಸಾಂತ್ವನ ಕೇಂದ್ರಗಳಲ್ಲಿ ಈ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿಯ ಅಧಿಸೂಚನೆಗಳು ಹೆಚ್ಚಾಗಿ ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು ಎಂದು ಹೆಸರಿಸುತ್ತವೆ. ಹಾಗಾಗಿ ಜೋಡಣೆ ಆರಿಸುವಾಗ ಅಪರಾಧಶಾಸ್ತ್ರದ ಜೊತೆ ಮನಃಶಾಸ್ತ್ರ ಅಥವಾ ಸಮಾಜಶಾಸ್ತ್ರ ಇರುವಂತೆ ನೋಡಿಕೊಳ್ಳಿ. ಕಲಿಸುವ ಆಸೆಯಿದ್ದರೆ ಎಂ.ಎ. ಮಾಡಿ ಯುಜಿಸಿ-ನೆಟ್ ಬರೆಯಬಹುದು, ಅಪರಾಧಶಾಸ್ತ್ರ ಅದರಲ್ಲಿ ಬೇರೆಯೇ ವಿಷಯ.

ಪ್ರಶ್ನೆ: ವಾಣಿಜ್ಯ ಸಂಖ್ಯಾಶಾಸ್ತ್ರ ಕಲಿಸುವ ನನಗೆ ‘ಅಪರಾಧ ದತ್ತಾಂಶ’ ಪತ್ರಿಕೆ ಕೊಟ್ಟಿದ್ದಾರೆ. ಕಲಾ ವಿದ್ಯಾರ್ಥಿಗಳಿಗೆ ಸರಾಸರಿ, ವಿಚಲನ ಹೇಳಿಕೊಟ್ಟರೆ ಸಾಕೇ?
– ಅಧ್ಯಾಪಕರು, ಮುಧೋಳ

ಉತ್ತರ: ಸೂತ್ರ ಕಡಿಮೆ ಇರಲಿ, ಅನುಮಾನ ಹೆಚ್ಚಿರಲಿ. ಈ ಪತ್ರಿಕೆಯ ಗುರಿ ಒಂದು ಅಂಕಿಯನ್ನು ನೋಡಿದ ಕೂಡಲೇ ‘ಇದನ್ನು ಯಾರು, ಯಾವಾಗ, ಹೇಗೆ ಎಣಿಸಿದರು?’ ಎಂದು ಕೇಳುವ ಅಭ್ಯಾಸ.

ಮೊದಲ ಪಾಠ ದರ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆ ಸುಮಾರು 47.8 ಲಕ್ಷ, ವಿಜಯಪುರ 21.8 ಲಕ್ಷ, ಬಾಗಲಕೋಟೆ 18.9 ಲಕ್ಷ. ಮೂರರಲ್ಲೂ ಒಂದು ಬಗೆಯ 600 ಪ್ರಕರಣ ದಾಖಲಾದವು ಎಂದು ಇಟ್ಟುಕೊಳ್ಳಿ. ಲಕ್ಷಕ್ಕೆ ದರ ಬೆಳಗಾವಿಯಲ್ಲಿ 12.6, ವಿಜಯಪುರದಲ್ಲಿ 27.5, ಬಾಗಲಕೋಟೆಯಲ್ಲಿ 31.7. ಒಂದೇ ಸಂಖ್ಯೆ, ಮೂರು ಚಿತ್ರ. ಆಮೇಲೆ ಛೇದವನ್ನೇ ಅಲುಗಾಡಿಸಿ: ಗಣತಿ ಹಳೆಯದು, ಹಂಗಾಮಿನಲ್ಲಿ ಸಾವಿರಾರು ಜನ ದುಡಿಯಲು ಬೇರೆ ಜಿಲ್ಲೆಗೆ, ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅವರನ್ನು ಎಲ್ಲಿ ಎಣಿಸಿದ್ದೀರಿ?

ಎರಡನೆಯದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಎಣಿಕೆಯ ರೀತಿ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನೇ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕೊಲೆಯ ಜೊತೆ ಕಳವೂ ನಡೆದಿದ್ದರೆ ಕಳವು ಕೋಷ್ಟಕದಿಂದ ಮಾಯ. ಅಪರಾಧ ಹೆಚ್ಚುವುದು ಬೇರೆ, ದಾಖಲಾತಿ ಹೆಚ್ಚುವುದು ಬೇರೆ ಎಂದು ಬ್ಯೂರೋವೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಹೆಣ್ಣುಮಕ್ಕಳು ಧೈರ್ಯವಾಗಿ ಠಾಣೆ ಹತ್ತುವ ಜಿಲ್ಲೆ ಕೋಷ್ಟಕದಲ್ಲಿ ಕೆಟ್ಟದ್ದಾಗಿ ಕಾಣಬಹುದು. ವಿದ್ಯಾರ್ಥಿಗಳು ಇದನ್ನು ಅರಿಯದೆ ಹೊರಬಿದ್ದರೆ ನಾಳೆ ಪತ್ರಿಕೆಗಳಲ್ಲಿ ‘ಅಪರಾಧದಲ್ಲಿ ಮುಂದಿರುವ ಜಿಲ್ಲೆ’ ಎಂದು ಬರೆಯುವವರು ಅವರೇ.

ಮೂರನೆಯದು ನಿಂತ ಸಂಖ್ಯೆ ಮತ್ತು ಹರಿಯುವ ಸಂಖ್ಯೆ. 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಶೇ. 75.8. ಅದು ಒಂದು ದಿನದ ಎಣಿಕೆ. ಹತ್ತು ದಿನ ಒಳಗಿದ್ದು ಜಾಮೀನು ಪಡೆದವರು ಆ ದಿನ ಸಿಗುವ ಸಾಧ್ಯತೆ ಕಡಿಮೆ, ಮೂರು ವರ್ಷ ಇದ್ದವರು ಖಂಡಿತ ಸಿಗುತ್ತಾರೆ. ವರ್ಷದಲ್ಲಿ ಒಳಹೊಕ್ಕವರ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಶಿಕ್ಷೆಯ ಪ್ರಮಾಣವನ್ನು ವಿಚಾರಣೆ ಮುಗಿದ ಪ್ರಕರಣಗಳ ಮೇಲೆ ತೆಗೆಯುತ್ತಾರೆ, ದಾಖಲಾದವುಗಳ ಮೇಲಲ್ಲ ಎಂಬುದನ್ನೂ ಇಲ್ಲೇ ಸೇರಿಸಿ. ದುಬಾರಿ ಸಾಫ್ಟ್‌ವೇರ್ ಬೇಡ, ಸ್ಪ್ರೆಡ್‌ಶೀಟ್ ಸಾಕು.

ಪ್ರಶ್ನೆ: ಇಂಟರ್ನ್‌ಶಿಪ್‌ಗೆ ವಿದ್ಯಾರ್ಥಿಗಳನ್ನು ಠಾಣೆಗೆ, ಬೆಳಗಾವಿಯ ಹಿಂಡಲಗಾ ಜೈಲಿಗೆ ಕರೆದೊಯ್ಯಬೇಕೆಂದಿದ್ದೇವೆ. ಅನುಮತಿ, ಎಚ್ಚರಿಕೆ ಏನೇನು?
– ವಿಭಾಗ ಮುಖ್ಯಸ್ಥರು, ಬೈಲಹೊಂಗಲ

ಉತ್ತರ: ಜೈಲಿನಿಂದ ಶುರು ಮಾಡಬೇಡಿ ಸರ್. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಅರ್ಧ ತಾಸಿನಲ್ಲಿ ಸಾಲಾಗಿ ನಡೆದು ನೋಡಿ ಬರುವುದರಿಂದ ಕಲಿಯುವುದು ಕಡಿಮೆ, ಒಳಗಿರುವವರಿಗೆ ಆಗುವ ಅವಮಾನ ಹೆಚ್ಚು.

4 ಕ್ರೆಡಿಟ್ ಎಂದರೆ 120 ತಾಸು. ನ್ಯಾಯಾಲಯಕ್ಕೆ 40, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ 24, ಠಾಣೆಗೆ 24, ಕಾರಾಗೃಹಕ್ಕೆ 8, ಕಾಲೇಜಿನಲ್ಲಿ ಕೂತು ಬರೆಯುವುದಕ್ಕೆ ಮತ್ತು ಮಾತಾಡುವುದಕ್ಕೆ 24. ಕೊನೆಯ 24 ತಾಸನ್ನು ಉಳಿದದ್ದಕ್ಕೆ ತಿನ್ನಿಸಬೇಡಿ. ನೋಡಿದ್ದು ಅರಗುವುದು ಅಲ್ಲಿ.

ನ್ಯಾಯಾಲಯ ತೆರೆದ ಜಾಗ, ಯಾರು ಬೇಕಾದರೂ ಕೂರಬಹುದು. ಆದರೂ ಶಿರಸ್ತೇದಾರರ ಮೂಲಕ ನ್ಯಾಯಾಧೀಶರಿಗೆ ಮೊದಲೇ ತಿಳಿಸಿ, ಒಂದು ಸಭಾಂಗಣಕ್ಕೆ ಐದಾರು ಜನ ಮೀರದಂತೆ ಕಳಿಸಿ, ಮೊಬೈಲ್ ಬಂದ್ ಇರಲಿ. ಅತ್ಯಾಚಾರದ ವಿಚಾರಣೆ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ವಿಚಾರಣೆ ಮುಚ್ಚಿದ ಬಾಗಿಲಿನಲ್ಲಿ ನಡೆಯುತ್ತದೆ, ಅಲ್ಲಿ ಎದ್ದು ಹೊರಬರಬೇಕು. ಆ ದಿನದ ಪಟ್ಟಿಯಲ್ಲಿ ಎಷ್ಟು ಪ್ರಕರಣ, ಎಷ್ಟು ಮುಂದೂಡಿದವು, ಏಕೆ – ಸಾಕ್ಷಿ ಬರಲಿಲ್ಲವೋ, ವಕೀಲರು ಇರಲಿಲ್ಲವೋ, ಆರೋಪಿಯನ್ನು ಜೈಲಿನಿಂದ ಕರೆತರಲಿಲ್ಲವೋ – ಇಷ್ಟನ್ನೇ ಬರೆಯಲು ಹೇಳಿ. ಇ-ಕೋರ್ಟ್ಸ್ ತಾಣದಲ್ಲಿ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಒಂದು ಪ್ರಕರಣದ ಹೆಜ್ಜೆಹೆಜ್ಜೆಯೂ ಕಾಣುತ್ತದೆ, ಪ್ರತಿಯೊಬ್ಬರೂ ಐದು ಪ್ರಕರಣಗಳನ್ನು ಸೆಮಿಸ್ಟರ್ ಪೂರ್ತಿ ಹಿಂಬಾಲಿಸಲಿ. ಮೇಲ್ಮನವಿ ಹೋಗುವ ದಾರಿಯನ್ನೂ ತೋರಿಸಿ: ಬೆಳಗಾವಿ, ಬಾಗಲಕೋಟೆಯವು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವು ಕಲಬುರಗಿ ಪೀಠಕ್ಕೆ.

ಠಾಣೆಗೆ ಬೆಳಗಾವಿ ನಗರದಲ್ಲಿ ಪೊಲೀಸ್ ಆಯುಕ್ತರ, ಉಳಿದ ಕಡೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಲಿಖಿತ ಅನುಮತಿ ಬೇಕು. ವಿದ್ಯಾರ್ಥಿ ಮಹಜರಿಗೆ ಪಂಚನಾಗಿ ಸಹಿ ಹಾಕಬಾರದು ಎಂದು ಬರವಣಿಗೆಯಲ್ಲೇ ಹೇಳಿಕೊಳ್ಳಿ. ಸುಲಭಕ್ಕೆ ಸಿಕ್ಕವರೆಂದು ಸಹಿ ಕೇಳುವುದುಂಟು, ಹಾಕಿದವರು ವರ್ಷಗಟ್ಟಲೆ ಸಾಕ್ಷಿಯಾಗಿ ಅಲೆಯಬೇಕಾಗುತ್ತದೆ. ಜೈಲಿಗೆ ಕಾರಾಗೃಹ ಇಲಾಖೆಯ ಅನುಮತಿ, ಮೊದಲೇ ಕೊಟ್ಟ ಹೆಸರುಪಟ್ಟಿ ಮತ್ತು ಗುರುತಿನ ಚೀಟಿ ಬೇಕು, ಮೊಬೈಲ್ ಮತ್ತು ಕ್ಯಾಮೆರಾ ಇಲ್ಲ. ‘ನೀವೇನು ಮಾಡಿ ಒಳಗೆ ಬಂದಿರಿ?’ ಎಂದು ಯಾರನ್ನೂ ಕೇಳಬಾರದು. ಗ್ರಂಥಾಲಯ, ಅಡುಗೆಮನೆ, ಕಾನೂನು ನೆರವಿನ ಕೋಣೆ, ಭೇಟಿಯ ಕಿಟಕಿ ಇವುಗಳ ವ್ಯವಸ್ಥೆ ಹೇಗಿದೆ ಎಂದು ನೋಡಲಿ. ಹಿಂದೆ ಎಂದೂ ಶಿಕ್ಷೆಯಾಗದ ವಿಚಾರಣಾಧೀನರಿಗೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದರೆ ಬಿಡುಗಡೆಯ ಅವಕಾಶ ಕೊಡುವ ಸುರಕ್ಷಾ ಸಂಹಿತೆಯ 479ನೇ ಕಲಂ, ಅದಕ್ಕಿರುವ ಅಪವಾದಗಳ ಸಮೇತ, ಓದಿಕೊಂಡು ಹೋದರೆ ಅಧೀಕ್ಷಕರಿಗೆ ಕೇಳಲು ಒಳ್ಳೆಯ ಪ್ರಶ್ನೆಗಳಿರುತ್ತವೆ.

ಟಿಪ್ಪಣಿ ಪುಸ್ತಕದಲ್ಲಿ ಹೆಸರು, ಊರು, ವಾಹನ ಸಂಖ್ಯೆ, ಫೋನ್ ಸಂಖ್ಯೆ ಇರಕೂಡದು. ಅತ್ಯಾಚಾರ ಸಂತ್ರಸ್ತರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ಗುರುತಿಗೆ ಪೋಕ್ಸೊ 23, ಬಾಲನ್ಯಾಯ ಕಾಯ್ದೆಯ 74 ರಕ್ಷಣೆ ಕೊಡುತ್ತವೆ. ಕ್ಷೇತ್ರಕ್ಕೆ ಹೋಗುವ ಮೊದಲೇ ತೀರ್ಮಾನವಾಗಬೇಕಾದದ್ದು ಇನ್ನೊಂದಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ವರದಿ ಮಾಡಲೇಬೇಕೆಂದು ಪೋಕ್ಸೊ 19 ಹೇಳುತ್ತದೆ; ಮಾಡದಿದ್ದರೆ 21ರಡಿ ಶಿಕ್ಷೆ. ಸಂದರ್ಶನ ಮಾಡುವ ವಿದ್ಯಾರ್ಥಿನಿಗೆ ಯಾರಾದರೂ ಇಂಥದ್ದನ್ನು ಹೇಳಿಕೊಂಡರೆ ಅವಳು ಅದೇ ದಿನ ಯಾರಿಗೆ ಫೋನ್ ಮಾಡಬೇಕು, ಕಾಲೇಜಿನ ಯಾವ ಅಧ್ಯಾಪಕರು ಜೊತೆಗಿದ್ದು ವರದಿ ಮಾಡುತ್ತಾರೆ ಎಂಬುದನ್ನು ಹೆಸರು ಸಮೇತ ಬರೆದು ಪ್ರತಿಯೊಬ್ಬರ ಕೈಗೆ ಕೊಡಿ. ‘ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ’ ಎಂದು ಮಾತು ಕೊಟ್ಟು ಸಂದರ್ಶನ ಶುರು ಮಾಡಬಾರದು. ಈ ವಿಷಯದಲ್ಲಿ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ.

ಪ್ರಶ್ನೆ: 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಹಳೆಯ ಐಪಿಸಿಯನ್ನು ಪಠ್ಯಕ್ರಮದಿಂದ ಪೂರ್ತಿ ತೆಗೆಯಬಹುದೇ?
– ಅತಿಥಿ ಉಪನ್ಯಾಸಕರು, ಬಾಗಲಕೋಟೆ

ಉತ್ತರ: ತೆಗೆಯಬೇಡಿ. ಆ ದಿನಾಂಕಕ್ಕೆ ಮೊದಲು ನಡೆದ ಕೃತ್ಯಗಳಿಗೆ ಐಪಿಸಿಯೇ ಅನ್ವಯ, ಆಗಲೇ ಬಾಕಿ ಇದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆ ಮುಂದುವರಿಯುತ್ತವೆ. ನಿಮ್ಮ ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ಎರಡನ್ನೂ ಕೇಳುತ್ತಾರೆ. ಎರಡು ಕಾಲಮಿನ ಒಂದು ಹಾಳೆ ಸಾಕು: ಕೊಲೆಗೆ ಶಿಕ್ಷೆ 302 ಇದ್ದದ್ದು 103, ಕೊಲೆ ಯತ್ನ 307 ಇದ್ದದ್ದು 109, ವರದಕ್ಷಿಣೆ ಸಾವು 304ಬಿ ಇದ್ದದ್ದು 80, ಕಳವು 379 ಇದ್ದದ್ದು 303, ವಂಚನೆ 420 ಇದ್ದದ್ದು 318, ಗಂಡನ ಮನೆಯ ಕ್ರೌರ್ಯ 498ಎ ಇದ್ದದ್ದು 85 ಮತ್ತು 86. ಡಿಜಿಟಲ್ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಅದರ ಪ್ರಮಾಣಪತ್ರದಲ್ಲಿ ಡಿಜಿಟಲ್ ಕಡತದ ಹ್ಯಾಶ್ ಮೌಲ್ಯ, ಅಂದರೆ ಅದರ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ಒಂದು ಪಠ್ಯ ಕಡತದ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ತೆಗೆದು, ಒಂದೇ ಅಕ್ಷರ ಬದಲಿಸಿ ಮತ್ತೆ ತೆಗೆದು ತೋರಿಸಿ. 64 ಅಕ್ಷರಗಳ ಆ ಸಾಲು ಪೂರ್ತಿ ಬೇರೆಯಾದದ್ದು ಕಂಡ ಮೇಲೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಎಫ್‌ಐಆರ್, ಪಂಚನಾಮೆ, ಹೇಳಿಕೆ ಕನ್ನಡದಲ್ಲೇ ಇರುತ್ತವೆ; ಕನ್ನಡ ಮಾಧ್ಯಮದ ಮಕ್ಕಳು ಈ ಪದವಿಯಲ್ಲಿ ಹಿಂದೆ ಬೀಳಬೇಕಾದ ಕಾರಣವೇ ಇಲ್ಲ.

ಪ್ರಶ್ನೆ: ಕೌಶಲ ಪತ್ರಿಕೆಯಲ್ಲಿ ಹೆಜ್ಜೆಗುರುತಿನ ಅಚ್ಚು ತೆಗೆಸುತ್ತೇವೆ. ನಮ್ಮ ಎರೆ ಮಣ್ಣಿನಲ್ಲಿ ಪ್ಲಾಸ್ಟರ್ ಪ್ರತಿ ಸಲ ಮುರಿಯುತ್ತದೆ, ವಿವರವೂ ಬರುವುದಿಲ್ಲ. ಏನು ತಪ್ಪಾಗುತ್ತಿದೆ?
– ಅಧ್ಯಾಪಕಿ, ಸಿಂದಗಿ

ಉತ್ತರ: ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಟ್ಟು ದಂತವೈದ್ಯರು ಬಳಸುವ ಡೆಂಟಲ್ ಸ್ಟೋನ್ ತನ್ನಿ, ಅದು ಗಟ್ಟಿ, ಗೆರೆಗಳನ್ನೂ ಚೆನ್ನಾಗಿ ಹಿಡಿಯುತ್ತದೆ. ಒಂದು ಹೆಜ್ಜೆಗೆ ಸುಮಾರು 900 ಗ್ರಾಂ ಪುಡಿ, 300 ಮಿ.ಲೀ. ನೀರು. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲೇ ಹಾಕಿ ಮೂರು ನಿಮಿಷ ಹಿಸುಕಿ, ದೋಸೆ ಹಿಟ್ಟಿನ ಹದಕ್ಕೆ ತನ್ನಿ. ನೀರು ಹೆಚ್ಚಾದರೆ ಅಚ್ಚು ಮುರಿಯುತ್ತದೆ, ನಿಮ್ಮಲ್ಲಿ ಆಗುತ್ತಿರುವುದು ಹೆಚ್ಚಾಗಿ ಇದೇ. ಗುರುತಿನ ಮೇಲೆ ನೇರವಾಗಿ ಸುರಿಯಬೇಡಿ, ಪಕ್ಕದ ನೆಲಕ್ಕೆ ಸುರಿದು ತಾನಾಗಿ ಒಳಗೆ ಹರಿಯಲು ಬಿಡಿ. ಒಣಗಿ ಬಿರುಕು ಬಿಟ್ಟ ಎರೆಯಲ್ಲಿ ದ್ರಾವಣ ಬಿರುಕಿಗೆ ಇಳಿದುಹೋಗುತ್ತದೆ. ಅಭ್ಯಾಸಕ್ಕೆ ಟ್ರೇಯಲ್ಲಿ ಜರಡಿ ಹಿಡಿದ ಮಣ್ಣನ್ನು ನಸು ಒದ್ದೆ ಮಾಡಿ ಬಳಸಿ. ಪುಡಿಮಣ್ಣಾದರೆ ದೂರದಿಂದ ತೆಳುವಾಗಿ ಹೇರ್‌ಸ್ಪ್ರೇ ಹೊಡೆದು ಬಿಗಿಮಾಡಿಕೊಳ್ಳಬಹುದು. ಕನಿಷ್ಠ 30 ನಿಮಿಷ ಬಿಟ್ಟು ಎತ್ತಿ, ಅಂಟಿದ ಮಣ್ಣನ್ನು ಆಗಲೇ ತೊಳೆಯಬೇಡಿ, 48 ತಾಸು ಒಣಗಲಿ. ಇಷ್ಟೆಲ್ಲಕ್ಕಿಂತ ಮೊದಲು ಫೋಟೊ: ಅಳತೆಪಟ್ಟಿಯನ್ನು ಹೆಜ್ಜೆಯ ತಳದ ಮಟ್ಟಕ್ಕೆ ಇಟ್ಟು, ಕ್ಯಾಮೆರಾ ನೇರ ಮೇಲಿನಿಂದ, ಬೆಳಕು ಓರೆಯಾಗಿ, ಕನಿಷ್ಠ ಮೂರು ದಿಕ್ಕಿನಿಂದ. ಅಚ್ಚಿನ ಹಿಂಬದಿ ಹಸಿಯಿರುವಾಗಲೇ ದಿನಾಂಕ, ಸಮಯ, ತೆಗೆದವರ ಸಹಿ ಗೀಚಿಸಿ.